ನಿಂತೇ ಚಹಾ ಕುಡಿದವನು

ಹುಬ್ಬಳ್ಳಿಯ ಜವಳಿ ಅಂಗಡಿಗಳ ದೀಪ, ಫ್ಯಾನುಗಳೆಲ್ಲ ಈಗ ಗಾದಿಯ ಮೇಲೆ ಕೂತವರ ಮೈಶಾಖದಿಂದಲೇ ನಡೆಯುತ್ತಿದ್ದವು. ನೀಲಕ್ಕನ ಮೂರಂತಸ್ತಿನ ಅಂಗಡಿಗೂ ವಿದ್ಯುತ್ ಉಳಿತಾಯದ ಕಂಪನಿಯವರು ವರ್ಷದ ಹಿಂದೆ ಹೊಸ ಬಿಳಿ ಗಾದಿ ಹಾಸಿಕೊಟ್ಟಿದ್ದರು. ಗಿರಾಕಿ ಕೂತರೆ ಸಾಕು, ತಲೆಯ ಮೇಲಿನ ಫ್ಯಾನು ತಿರುಗುತ್ತಿತ್ತು. ಮದುವೆ ಜವಳಿಗೆ ಬಳಗವೇ ಬಂದರಂತೂ ಲಿಫ್ಟೂ ಓಡುತ್ತಿತ್ತು.

ಆದರೂ ನೀಲಕ್ಕನ ತಲೆಯಲ್ಲೊಂದು ಹುಳ ಕೊರೆಯುತ್ತಿತ್ತು. ದಿನವಿಡೀ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವ ಕಸ್ತೂರಿ ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ತೊಡತೊಡಗಿದ್ದಳು.

ಅಂದು ಕಂಪನಿಯ ಸುಹಾಸ ಕರಾರು ಮುಂದುವರಿಸಲು ಬಂದ.

"ಬರ್ರಿ, ಕುಂದರ್ರಿ," ಎಂದಳು ನೀಲಕ್ಕ.

"ಇರ್ಲಿ ಬಿಡ್ರಿ ಅಕ್ಕಾರ."

"ನಮ್ಮ ಕಸ್ತೂರಿಗೆ ಯಾವಾಗ್ಲೂ ಚಳಿ ಅಂತಾಳ್ರಿ."

"ಗಾದಿ ಮೈಗೆ ಬ್ಯಾಡಾದ ಶಾಖ ಅಷ್ಟ ಎಳಿತೈತ್ರಿ. ಏನೂ ಆಗಂಗಿಲ್ಲ."

ಆರು ಸಲ ಬಂದಿದ್ದ, ಒಮ್ಮೆಯೂ ಕೂತವನಲ್ಲ. ಚಹಾ ತರಿಸಿಕೊಟ್ಟಳು, ನಿಂತೇ ಕುಡಿದ. ಜವಳಿ ಅಂಗಡಿಗೆ ಬಂದು ಗಾದಿ ಏರದೆ ಹೋಗುವವರನ್ನು ನೀಲಕ್ಕ ಈ ಜನ್ಮದಲ್ಲಿ ಕಂಡಿರಲಿಲ್ಲ.

ಅವಳು ಕರಾರಿನ ಕಾಗದವನ್ನು ಗಾದಿಯ ನಡುವೆ ಇಟ್ಟು ಪೆನ್ನು ತೆರೆದಳು. "ಎದುರಿಗೆ ಕುಂತು ಓದಿ ಹೇಳ್ರಿ. ಆಮ್ಯಾಲ ಸಹಿ ಮಾಡ್ತೀನಿ."

ಸುಹಾಸ ಅತ್ತಿತ್ತ ನೋಡಿದ. ಆಮೇಲೆ ಬ್ಯಾಗಿನಿಂದ ದಪ್ಪನೆಯ ರಬ್ಬರ್ ಹಾಳೆಯೊಂದನ್ನು ತೆಗೆದು, ಗಾದಿಯ ಮೇಲೆ ಹಾಸಿ, ಅದರ ಮೇಲೆ ಜೋಪಾನವಾಗಿ ಕೂತ.

ಅವನ ತಲೆಯ ಮೇಲಿನ ಫ್ಯಾನು ಅಲುಗಲಿಲ್ಲ.

ನೀಲಕ್ಕ ಪೆನ್ನಿನ ಮುಚ್ಚಳ ಹಾಕಿದಳು. "ಕಸ್ತೂರಿ," ಎಂದಳು, "ಗಾದಿ ಬಿಟ್ಟು ಏಳವಾ."