ನಂದಿಬೆಟ್ಟದ ಏಳನೇ ತಿರುವು

ಮುದುಕ ಮತ್ತೆ ಹಿಂದೆಯೇ ಬರುತ್ತಿದ್ದ. ಹುಣಸಮಾರನಹಳ್ಳಿ ದಾಟಿದ ಮೇಲೆ ಕದಿರಪ್ಪ ಮೂರು ಸಲ ತಿರುಗಿ ನೋಡಿದ. ಮೂರು ಸಲವೂ ಅದೇ ಅಗಲ ಹ್ಯಾಂಡಲ್ಲಿನ ಭಾರಿ ಕರಿ ಸೈಕಲ್ಲು, ಅದರ ಮೇಲೆ ಅದೇ ಬಿಳಿ ಗಡ್ಡ.

ಯಲಹಂಕದ ಬೆಟ್ಟದ ಸೈಕಲ್ ಸಂಘದಲ್ಲಿ ಹನ್ನೆರಡು ಜನ. ಭಾನುವಾರ ಬೆಳಗಾದರೆ ಹಗುರವಾದ ರೇಸ್ ಸೈಕಲ್ಲು ಹತ್ತಿ ನಂದಿಬೆಟ್ಟಕ್ಕೆ ಹೋಗುವುದು, ಇಳಿಜಾರಿನಲ್ಲಿ ಪಂದ್ಯ ಕಟ್ಟುವುದು ಅವರ ಹುಚ್ಚು. ೧೯೮೪ರ ಬೇಸಿಗೆಯಲ್ಲಿ ಮಾಕಳಿಯ ಮೊಯಿನುದ್ದೀನ್ ಬಂದು ತನ್ನನ್ನೂ ಸೇರಿಸಿಕೊಳ್ಳಿ ಎಂದಾಗ ಎಲ್ಲರೂ ನಕ್ಕರು. ಐವತ್ತೈದರ ಮನುಷ್ಯ, ಓಬೀರಾಯನ ಕಾಲದ ಸೈಕಲ್ಲು. ಕದಿರಪ್ಪ ಮಾತ್ರ ನಗಲಿಲ್ಲ. ಮೂರು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಲಾರಿಗೆ ಸಿಕ್ಕಿ ಸತ್ತ ಸಂಘದ ಹುಡುಗ ನೂರುಲ್ಲಾ ತುಳಿಯುತ್ತಿದ್ದದ್ದೂ ಅಂಥದೇ. ಅದರಲ್ಲೇ ಅವನು ಎಲ್ಲರನ್ನೂ ಹಿಂದೆ ಹಾಕುತ್ತಿದ್ದ.

“ಇದೆಲ್ಲಿ ಸಿಕ್ತು ಚಾಚಾ?” ಎಂದು ಸಂಘದ ಹಿರಿಯ ಮುನಿವೆಂಕಟಯ್ಯ ಕೇಳಿದ್ದ.

“ಹುಡುಕಿ ಹುಡುಕಿ ತಗೊಂಡೆ. ನೂರುಲ್ಲಾದೂ ಇದೇ ಥರದ್ದಲ್ವಾ?”

“ನಿಮಗೆ ಅವನು ಗೊತ್ತಾ?”

“ಮರೆಯಕ್ಕಾಗತ್ತಾ? ಕಣ್ಮುಂದೆನೇ ಇದಾನೆ.”

ಮತ್ತೇನೂ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನೂರುಲ್ಲಾನ ಅಪ್ಪನನ್ನು ಅವರು ನೋಡಿದವರೇ ಅಲ್ಲ. ಮಗ ಹೋದ ಮೇಲೆ ಆ ಮನೆಯವರು ಆರ್.ಟಿ. ನಗರ ಬಿಟ್ಟು ಎಲ್ಲಿಗೋ ಹೋಗಿದ್ದರು.

“ಮುಂಚೆ ಏನ್ ಕೆಲಸ ಮಾಡ್ತಿದ್ರಿ?” ಎಂದರೆ ಮೊಯಿನುದ್ದೀನ್ ಮುಖ ತಗ್ಗಿಸುತ್ತಿದ್ದ. “ಒಂದು ಕೆಲಸ ಇತ್ತು. ಅವನು ಹೋದ್ಮೇಲೆ ಕೈಯೇ ಏಳ್ಲಿಲ್ಲ.” ದಾರಿಯಲ್ಲಿ ಲಾರಿ ಎದುರಾದರೆ ಸಾಕು, ಸೈಕಲ್ಲಿನಿಂದ ಇಳಿದು ನೆಲ ನೋಡುತ್ತಾ ನಿಂತುಬಿಡುತ್ತಿದ್ದ.

ಅವತ್ತು ನೂರುಲ್ಲಾನ ಪಕ್ಕದಲ್ಲಿ ಇದ್ದವರು ಯಾರು ಎಂದು ಅವನು ಒಬ್ಬೊಬ್ಬರನ್ನೇ ಕೇಳಿದ. ಕದಿರಪ್ಪನ ಹೆಸರು ಸಿಕ್ಕ ಮೇಲೆ ಬೇರೆ ಯಾರ ಬೆನ್ನನ್ನೂ ಹತ್ತಲಿಲ್ಲ.

ಕದಿರಪ್ಪ ನಿದ್ದೆಗೆಟ್ಟ. ಜಲ್ಲಿ ಲಾರಿ ಅಡ್ಡ ನುಗ್ಗಿತು ಎಂದು ಪೊಲೀಸರಿಗೆ ಬರೆದುಕೊಟ್ಟವನು ಅವನೇ. ಡ್ರೈವರ್ ತಪ್ಪೊಪ್ಪಿಕೊಂಡಿದ್ದರಿಂದ ಕೋರ್ಟಿನ ಮೆಟ್ಟಿಲು ಹತ್ತುವ ಪ್ರಮೇಯ ಬರಲಿಲ್ಲ. ಆ ದಿನ ಬೆನ್ನ ಹಿಂದೆ ಸದ್ದು ಕೇಳಿದರೂ ಅವನು ನಿಲ್ಲಿಸಿರಲಿಲ್ಲ, ತಿರುಗಿಯೂ ನೋಡದೆ ಇಳಿದುಹೋಗಿದ್ದ. ಉಳಿದವರು ಮೇಲಿಂದ ಬರುವಷ್ಟರಲ್ಲಿ ಆ ಲಾರಿಯೇ ನೂರುಲ್ಲಾನನ್ನು ಹಾಕಿಕೊಂಡು ಆಸ್ಪತ್ರೆಗೆ ಹೋಗಿತ್ತು.

ಈ ಭಾನುವಾರ ಬೆಟ್ಟದ ತುದಿಯಲ್ಲಿ ಮೊಯಿನುದ್ದೀನ್ ಅವನ ಭುಜದ ಮೇಲೆ ಕೈಯಿಟ್ಟ.

“ಬೇಟಾ, ಇಳಿಯುವಾಗ ನನ್ ಜೊತೆ ಬಾ. ಇಬ್ಬರೇ.”

ಕದಿರಪ್ಪ ಸೈಕಲ್ಲು ಹತ್ತಿದ.

ಇಬ್ಬರೂ ಇಳಿದರು. ಕದಿರಪ್ಪ ಎಡಕ್ಕೆ, ಮುದುಕ ಬಲಕ್ಕೆ. ಏಳನೇ ತಿರುವು ಬರುವ ಮುಂಚೆ ಆ ಭಾರಿ ಸೈಕಲ್ಲು ಒತ್ತಿಕೊಂಡು ಹತ್ತಿರ ಬಂತು. ಇನ್ನೊಂದು ಗೇಣು. ಪಕ್ಕದಲ್ಲೇ ಪ್ರಪಾತ. ಅಷ್ಟರಲ್ಲಿ ಕೆಳಗಿನಿಂದ ಯಾವುದೋ ಗಾಡಿಯ ಹಾರ್ನ್ ಕೇಳಿಸಿತು.

ಮೊಯಿನುದ್ದೀನ್ ಕಿರ್ರೆಂದು ಬ್ರೇಕು ಹಿಡಿದ. ಕದಿರಪ್ಪನೂ ನಿಂತ.

“ಇದೇ ಜಾಗ,” ಎಂದ ಮುದುಕ. “ಆರು ವಾರದಿಂದ ನೋಡ್ತಿದೀನಿ. ಎಷ್ಟು ಜೋರಾಗಿ ಬಂದ್ರೂ ಈ ಸೈಕಲ್ಲು ತಾನಾಗಿ ಬಲಕ್ಕೆ ಎಳೆಯಲ್ಲ. ನೂರುಲ್ಲಾ ಹೆಂಗೆ ಆಚೆ ಹೋದ? ಹೇಳು ಬೇಟಾ. ನಾನು ಬದುಕಬೇಕು.”

ಕದಿರಪ್ಪ ಸೈಕಲ್ಲನ್ನು ನೆಲಕ್ಕೆ ಮಲಗಿಸಿದ. ಮೂರು ವರ್ಷ ನುಂಗಿಕೊಂಡಿದ್ದು ಒಂದೇ ಉಸಿರಿಗೆ ಹೊರಬಂತು.

“ಲಾರಿ ತನ್ನ ಪಾಡಿಗೆ ತಾನು ಬರ್ತಿತ್ತು ಚಾಚಾ. ಅವನು ನನ್ನನ್ನ ಹಿಂದೆ ಹಾಕೋಕೆ ಬಂದ. ತಡ್ಕೊಳ್ಳೋಕಾಗ್ಲಿಲ್ಲ ನಂಗೆ. ಮೊಣಕೈಲಿ ತಳ್ಳಿದೆ. ಆ ಡ್ರೈವರ್‌ದೇನೂ ತಪ್ಪಿಲ್ಲ. ನಿಮ್ಮ ಮಗನನ್ನ ಕೊಂದೋನು ನಾನು. ನನ್ನ ಏನ್ ಬೇಕಾದ್ರೂ ಮಾಡಿ.”

ಮುದುಕ ಕೈ ಎತ್ತಲಿಲ್ಲ. ಸೈಕಲ್ಲನ್ನು ಹಾಗೇ ಬಿಟ್ಟು ರಸ್ತೆಯಂಚಿನ ಕಟ್ಟೆಯ ಮೇಲೆ ಕುಸಿದು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿ, ಎದೆ ಬಿರಿಯುವಂತೆ ಅತ್ತ.

“ಅವನು ನನ್ನ ಮಗ ಅಲ್ಲಪ್ಪಾ,” ಎಂದ ಕೊನೆಗೆ. “ಆ ಲಾರಿ ಓಡಿಸ್ತಿದ್ದೋನು ನಾನು.”