ಸುಡದ ಬಟ್ಟಲು

ಭಟ್ಟಿಯ ಬಾಗಿಲು ತೆರೆದಾಗ, ವಿದ್ಯಾರ್ಥಿಗಳ ಹೂಜಿಗಳ ನಡುವೆ ತಮ್ಮ ಮಗಳ ಬಟ್ಟಲು ಕೂತಿದ್ದನ್ನು ಸೆರಾಮಿಕ್ಸ್ ಮೇಡಂ ಕಂಡರು. ಜ್ವರದಲ್ಲಿ ತೀರಿಕೊಂಡ ಮಗು, ಅದಕ್ಕೂ ಮುಂಚೆ ಒಂದು ರಜೆಯಲ್ಲಿ ಇದೇ ವಿಭಾಗಕ್ಕೆ ಬಂದು, ಅಮ್ಮನ ಮೇಜಿನಡಿ ಕೂತು ಮಾಡಿದ್ದು. ಮೇಡಂ ಅದನ್ನು ಸುಟ್ಟಿರಲಿಲ್ಲ. ಒಣಗಿದ ಮಣ್ಣಾಗಿಯೇ ಕಪಾಟಿನಲ್ಲಿಟ್ಟಿದ್ದರು. ಪಾಠಕ್ಕೆ ಹೋಗುವ ಮುನ್ನ, ಅಂಚಿನಲ್ಲಿದ್ದ ಪುಟ್ಟ ಹೆಬ್ಬೆರಳ ಗುರುತಿನಲ್ಲಿ ತಮ್ಮ ಕಿರುಬೆರಳಿಡುತ್ತಿದ್ದರು. ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು.

“ನಾನೇ ಇಟ್ಟೆ ಮೇಡಂ!” ಕೊನೆಯ ವರ್ಷದ ಹುಡುಗಿಯ ಮುಖ ಅರಳಿತ್ತು. “ನೀವು ದಿನಾ ಮುಟ್ತಾ ಇದ್ರೆ ಒಂದಲ್ಲ ಒಂದಿನ ಪುಡಿಯಾಗೋದು. ಈಗ ನೋಡಿ, ಒಂದು ಬಿರುಕೂ ಇಲ್ಲ. ನಿಮ್ಮ ಬೆರಳು ಸವೆದ್ರೂ ಇದು ಸವೆಯಲ್ಲ.”

ಮೇಡಂ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅದಿನ್ನೂ ಬೆಚ್ಚಗಿತ್ತು.

“ಸುಟ್ಟರೆ ಮಣ್ಣು ಏನಾಗುತ್ತಮ್ಮ?”

“ಗಟ್ಟಿಯಾಗುತ್ತೆ,” ಎಂದ ಹುಡುಗಿ ಪಾಠ ಒಪ್ಪಿಸುವವಳಂತೆ ಮುಂದುವರಿಸಿದಳು. “ಆಮೇಲೆ, ಸ್ವಲ್ಪ ಕುಗ್ಗು…” ಅವಳು ಬಟ್ಟಲಿನ ಅಂಚಿನತ್ತ ನೋಡಿದಳು.

ಮೇಡಂ ಕಿರುಬೆರಳನ್ನು ಗುರುತಿಗೆ ಒತ್ತಿದರು. ಬಟ್ಟಲನ್ನು ತುಸು ತಿರುಗಿಸಿಕೊಂಡು, ಮತ್ತೆ ಒತ್ತಿದರು. ಬೆರಳು ಅಂಚಿನ ಮೇಲೇ ನಿಂತಿತು, ಒಳಗಿಳಿಯಲಿಲ್ಲ.