ಕೋಡಿನ ಅತ್ತೆ

ಟ್ರಂಕಿನಲ್ಲಿ ಸೀರೆ ಇರಲಿಲ್ಲ.

ಗದಿಗೆವ್ವ ತಳದವರೆಗೂ ಕೈಯಾಡಿಸಿದಳು. ಡಾಂಬರು ಗುಳಿಗೆ ಸಿಕ್ಕವು, ಸತ್ತ ಗಂಡನ ರುಮಾಲು ಸಿಕ್ಕಿತು. ಮದುವೆಯ ಇಳಕಲ್ ಸೀರೆ ಮಾತ್ರ ಇಲ್ಲ. ಮೂಗಿಗೆ ಒತ್ತಿಕೊಳ್ಳುವ ನತ್ತೂ ಇಲ್ಲ. ಹೊರಗಿನ ಕಳ್ಳರಾಗಿದ್ದರೆ ಪಕ್ಕದ ಬೆಳ್ಳಿ ಬಟ್ಟಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಇನ್ನೊಬ್ಬ ಹೆಂಗಸೆಂದರೆ ಸೊಸೆ ಭುವನಾ.

ಮೊನ್ನೆ ಬಳೆಗಾರ್ತಿ ಮೈಮುನಾಬಿ ಬಾಗಿಲಲ್ಲೇ ನಿಂತು ಹೇಳಿದ್ದಳು: "ನಿಮ್ಮ ಸೊಸಿ ಡಜನ್ ಹಸರ ಬಳಿ ಒಯ್ದಾಳ್ರಿ. ಎಲ್ಲಾ ದೊಡ್ಡ ಅಳತೀವು. ಮೈಕೈ ತುಂಬಾಕತ್ತೈತೇನು?"

ಭುವನಾಳ ಕೈ ಜೋಳದ ದಂಟಿನಷ್ಟೇ ಇತ್ತು. ಆ ಬಳೆಗಳೂ ಅವಳ ಕೈಯಲ್ಲಿ ಒಂದು ದಿನವೂ ಕಾಣಲಿಲ್ಲ.

ದಿನಾ ದೀಪ ಹಚ್ಚುವ ಹೊತ್ತಿಗೆ ಸೊಸೆ ಕೈಚೀಲ ಹಿಡಿದು ಹೊರಬೀಳುತ್ತಿದ್ದಳು. "ಭಜನಿಗೆ ಹೊಂಟೇನ್ರಿ ಅತ್ತಿ." ಭಜನೆಯ ಗುಡಿ ಎಡಕ್ಕೆ, ಸೊಸೆ ಹೊರಳುವುದು ಬಲಕ್ಕೆ. ಬಲಕ್ಕಿರುವುದು ಜಟ್ಟೆಪ್ಪನ ಮನೆ. ಹೆಂಡತಿ ತೀರಿಕೊಂಡವನು, ಹುರಿಮೀಸೆಯವನು. ಹೋಳಿ ಹುಣ್ಣಿಮೆಗೆ ರಾಣೇಬೆನ್ನೂರಿನ ಮಂಟಪದಲ್ಲಿ ಜೀವಂತ ಕಾಮನಾಗಿ ಕೂಡುವವನು ಅವನೇ. ರತಿಯ ವೇಷಕ್ಕೆ ಹೋದ ವರ್ಷದವರೆಗೂ ಹಲಗೇರಿಯಿಂದ ಒಬ್ಬ ಹುಡುಗನನ್ನು ಕರೆಸುತ್ತಿದ್ದರು. ಇಬ್ಬರೂ ಗೊಂಬೆಗಳ ಹಾಗೆ ಕೂಡಬೇಕು. ಊರವರು ಏನು ಮಾಡಿದರೂ ನಗಬಾರದು. ನಗಿಸಿದವರಿಗೆ ಬೆಳ್ಳಿ ಕಡಗ.

ಒಂದು ಸಂಜೆ ಗದಿಗೆವ್ವ ಜಟ್ಟೆಪ್ಪನ ಹಿತ್ತಲ ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ಭುವನಾಳ ದನಿ: "ನಗಬ್ಯಾಡ್ರಿ. ನಕ್ಕರ ನನ್ನಾಣಿ ಐತಿ." ಆಮೇಲೆ ಅವಳೇ ಕಿಸಕ್ಕೆಂದಳು.

ಗದಿಗೆವ್ವ ಬಂದ ದಾರಿಯಲ್ಲೇ ಮನೆಗೆ ತಿರುಗಿದಳು.

ಮಗ ಪ್ರವೀಣಕುಮಾರನಿಗೆ ಗೊತ್ತಾಗಿದೆ ಅನಿಸುತ್ತಿತ್ತು. ಬೀಜದ ಅಂಗಡಿ ಮುಚ್ಚಿ ತಡವಾಗಿ ಬರುತ್ತಿದ್ದ, ಕಣ್ಣು ಕೆಂಡ. ಮೊನ್ನೆ ಮೀಸೆಯನ್ನೂ ಬೋಳಿಸಿಕೊಂಡು ಬಂದ, ಮನೆಯಲ್ಲಿ ಯಾರೋ ಸತ್ತ ಹಾಗೆ.

"ಯಾಕೋ, ಮೀಸಿ ತಗಸೀ?"

"ಗುಳ್ಳಿ ಎದ್ದಿತ್ತಬೇ."

ನಗುವೇ ಮರೆತ ಮುಖ. ಮಗ ಒಳಗೊಳಗೇ ಅಳುತ್ತಿದ್ದಾನೆಂದು ತಾಯಿಗೆ ಅನಿಸಿತು. ಕೇಳಿದರೆ ಸಂಸಾರ ಒಡೆಯುತ್ತದೆ, ಕೇಳದಿದ್ದರೆ ಹಳಸುತ್ತದೆ. ಅಲ್ಲದೆ ಸೊಸೆಯನ್ನು ಕಳೆದುಕೊಳ್ಳಲು ಅವಳಿಗೂ ಮನಸ್ಸಿರಲಿಲ್ಲ. ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಅವಳೊಬ್ಬಳೇ. ಬೈದರೆ ತವರಿಗೆ ಓಡುತ್ತಾಳೆ. ಹೆದರಿಸಿದರೆ?

ಉಪಾಯ ಜಪಾನಿನಿಂದ ಬಂತು. ದೇವಿಯ ಸಿನಿಮಾ ಎಂದು ಭುವನಾ ಹಜರತಅಲಿಯ ಅಂಗಡಿಯಿಂದ ತಂದ ಸಿ.ಡಿ.ಯೊಳಗೆ ಬೇರೆಯೇ ಇತ್ತು, ಜಪಾನಿನದು. ಕಪ್ಪು-ಬಿಳುಪು, ಮಂಜು, ಬಿದಿರಿನ ಮೆಳೆ. ಒಬ್ಬ ಅತ್ತೆ, ಸಂಜೆಯಾದರೆ ಮೆಲ್ಲಗೆ ಹೊರಬೀಳುವ ಒಬ್ಬ ಸೊಸೆ. ಒಂದು ಮಾತೂ ತಿಳಿಯದೆ ಗದಿಗೆವ್ವನಿಗೆ ಎಲ್ಲ ತಿಳಿಯಿತು. ಆ ಅತ್ತೆ ಕೋಡು, ಕೋರೆಹಲ್ಲಿನ ದೆವ್ವದ ಮುಖವಾಡ ಹಾಕಿಕೊಂಡು ಮೆಳೆಯಲ್ಲಿ ಅಡಗಿದಳು. ಸೊಸೆ ಚಿಟ್ಟನೆ ಚೀರಿ ಮನೆಗೆ ಓಡಿದಳು. ಅಷ್ಟಕ್ಕೆ ಮೊದಲನೇ ಸಿ.ಡಿ. ಮುಗಿಯಿತು.

"ಎರಡನೇದು ಗುತ್ತಲದವರು ಒಯ್ದಾರ್ರಿ ಅವ್ವಾರ," ಎಂದ ಹಜರತಅಲಿ. "ಖರೇ ಕತಿ ಅದರಾಗ ಐತಿ."

"ಸೊಸಿ ಮನಿಗೆ ಬಂದ್ಲಲ್ಲೋ. ಇನ್ನೇನ ಕತಿ?"

ಹೋಳಿಯ ಸೋಗಿಗೆಂದು ಮುಖವಾಡ ಮಾರುವ ಫಕ್ಕೀರಸಾಬನ ಬಳಿ ಕೋಡಿನದು ಒಂದೇ ಉಳಿದಿತ್ತು. "ಮಮ್ಮಕ್ಕಳಿಗೇನ್ರಿ?" ಎಂದು ಕೇಳಿದ.

"ಸೊಸಿಗೆ."

"ಹಂಗಾರ ಹಲ್ಲ ಇನ್ನೂ ಸ್ವಲ್ಪ ಕೆಂಪು ಮಾಡಿಕೊಡತೇನಿ, ತಡೀರಿ."

ಹುಣ್ಣಿಮೆಯ ದಿನ ಮಗ ಹಾವೇರಿಗೆ ಕೆಲಸವಿದೆ ಎಂದು ಹೋದ. ಹೊತ್ತು ಇಳಿಯುತ್ತಲೇ ಸೊಸೆಯೂ ಹೊರಬಿದ್ದಳು. ಗದಿಗೆವ್ವ ಗಂಡನ ಕಂಬಳಿ ಹೊದ್ದು, ಮುಖವಾಡ ಬಿಗಿದು ಬೆನ್ನು ಹತ್ತಿದಳು.

ಹೋಳಿಯ ದಿನ ದೆವ್ವಕ್ಕೆ ಯಾರು ಹೆದರಬೇಕು? ಓಣಿಯ ತುಂಬ ಸೋಗಿನವರೇ. "ಏ ದೆವ್ವಪ್ಪಾ, ಕುಣಿಯೋ!" ಎಂದು ಹುಡುಗರು ಮುತ್ತಿದರು. ಬಿಡಿಸಿಕೊಳ್ಳಲೆಂದು ಎರಡು ಹೆಜ್ಜೆ ಹಾಕಿದಳು. ಮೂರನೆಯದು ತಾನಾಗಿಯೇ ಬಂತು. ಗಂಡ ಹೋದ ಮೇಲೆ ತಲೆ ಎತ್ತಿ ಈ ಓಣಿಯಲ್ಲಿ ನಡೆದಿರಲಿಲ್ಲ. ಕೋಡು ಬಂದಮೇಲೆ ಕುತ್ತಿಗೆ ನೆಟ್ಟಗಾಗಿತ್ತು.

ಭುವನಾ ಮಂಟಪದ ಮುಂದೆ, ಎಲ್ಲರಿಗಿಂತ ಮುಂದೆ ನಿಂತಿದ್ದಳು. ಕಣ್ಣು ಮಂಟಪಕ್ಕೆ ಅಂಟಿತ್ತು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ನಗಬ್ಯಾಡ್ರಿ, ನಗಬ್ಯಾಡ್ರಿ.

ಮೇಲೆ ಕಾಮನಾಗಿ ಜಟ್ಟೆಪ್ಪ, ಕಲ್ಲು. ಪಕ್ಕದಲ್ಲಿ ರತಿ. ಬಣ್ಣ ಬಳಿದ ಮುಖ, ಹಣೆಯವರೆಗೆ ಸೆರಗು, ಕೈತುಂಬ ಹಸಿರು ಬಳೆ. ಮೂಗಿನಲ್ಲಿ ಗದಿಗೆವ್ವನ ನತ್ತು. ಮೈಮೇಲೆ ಗದಿಗೆವ್ವನ ಇಳಕಲ್ ಸೀರೆ!

ಸೊಸೆಯ ಗೆಣೆಯನ ಮಗ್ಗುಲಿನ ಗೊಂಬೆಗೆ ನನ್ನ ಮದುವೆ ಸೀರೆಯೇ? ಗದಿಗೆವ್ವ ಸೊಸೆಯನ್ನು ಮರೆತಳು. ಮಂಟಪಕ್ಕೆ ನೆಗೆದು ರತಿಯ ಸೆರಗಿಗೆ ಕೈ ಹಾಕಿದಳು.

"ಬಿಚ್ಚಲೇ ನನ್ನ ಸೀರಿ! ನಮ್ಮಪ್ಪ ಕೊಡಸಿದ್ದೈತಿ!"

ಮಂದಿ ಬಿದ್ದು ಬಿದ್ದು ನಕ್ಕರು. ಕಾಮ ಅಲುಗಲಿಲ್ಲ. ರತಿ ದೆವ್ವವನ್ನು ನೋಡಿತು, ದೆವ್ವದ ದನಿ ಕೇಳಿತು, ಸೆರಗು ಹಿಡಿದ ಕೈಯ ಹಚ್ಚೆ ನೋಡಿತು. ಮೊದಲು ಭುಜ ಕುಣಿದವು. ಆಮೇಲೆ ನತ್ತು ಕುಣಿಯಿತು. ಆಮೇಲೆ ರತಿ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟಿತು.

ಸಿಳ್ಳೆ, ಹಲಗೆಯ ಸದ್ದು. ಹಿರಿಯ ನಿಜಲಿಂಗಪ್ಪ ಕಡಗ ಹಿಡಿದು ಬಂದರು. "ಭಲೇ ದೆವ್ವ! ತಗಿ ಮುಖವಾಡ. ಯಾರ ಮಗ ಅಂತ ನೋಡೂಣು."

ಗದಿಗೆವ್ವ ಎರಡೂ ಕೋಡು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರು ಎಳೆದರೂ ಬಿಡಲಿಲ್ಲ.

"ಎರಡನೇ ಸಿ.ಡಿ. ಇದ ನೋಡ್ರಿ!" ಗುಂಪಿನಲ್ಲಿ ಹಜರತಅಲಿ ಕೂಗಿದ. "ಮುಖವಾಡ ಮುಖಕ್ಕ ಹತ್ತಿಬಿಡತೈತಿ!"

ಆಗ ರತಿ ದೆವ್ವದ ಕಾಲಿಗೆ ಬಿದ್ದು ಎದ್ದು, ಕಿವಿಯ ಹತ್ತಿರ ಬಾಯಿ ತಂದು, ನಗು ನುಂಗುತ್ತ ಪಿಸುಗುಟ್ಟಿತು:

"ಯವ್ವಾ, ನೀ ಮುಖವಾಡ ತಗೀಬ್ಯಾಡ, ನಾ ಸೆರಗು ತಗಿಯೂದಿಲ್ಲ."